ಕೆಂಪು ಕಾಣದ ಕಣ್ಣು

ಅಪ್ಪನ ಹತ್ತಿರ ಒಂದು ಅಗ್ಫಾ ಕ್ಲಿಕ್ III ಕ್ಯಾಮೆರಾ ಇತ್ತು. ಅದರ ಬೆನ್ನಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಒಂದು ಕೆಂಪು ಕಿಟಕಿ. ಗುಂಡಿ ತಿರುವಿದಂತೆಲ್ಲ ಆ ಕಿಟಕಿಯೊಳಗೆ ಮೊದಲು ಚುಕ್ಕಿಗಳು ಸರಿಯುತ್ತಿದ್ದವು, ಆಮೇಲೆ ಮೆಲ್ಲಗೆ ಒಂದು ಅಂಕಿ ಬಂದು ನಿಲ್ಲುತ್ತಿತ್ತು. ಒಂದರಿಂದ ಹನ್ನೆರಡು. ರೋಲಿಗೆ ಹನ್ನೆರಡೇ ಫೋಟೊ. ಗುಂಡಿ ತಿರುವುವ ಕೆಲಸ ನನ್ನದು, ಕ್ಲಿಕ್ ಮಾಡುವುದು ಅಪ್ಪನದು. ಹಿಂದಿನ ಮುಚ್ಚಳಕ್ಕೆ ಕೈ ಹಚ್ಚಿದರೆ ಮಾತ್ರ ಬೈಗುಳ. "ಬೆಳಕು ಹೊಕ್ಕರ ಎಲ್ಲಾ ಹಾಳಾಗತೈತಿ!" ಹಾಗಿದ್ದರೆ ಕಿಟಕಿಯಿಂದ ಹೊಕ್ಕ ಬೆಳಕು? ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ಅದು ಕೆಂಪೈತಿ. ಫಿಲ್ಮಿಗೆ ಕೆಂಪು ಕಾಣಂಗಿಲ್ಲ."

ಫಿಲ್ಮಿಗೂ ಕಣ್ಣಿದೆ, ಆ ಕಣ್ಣಿಗೂ ಒಂದು ಕುರುಡಿದೆ ಅನ್ನುವುದು ಎಂಟು ವರ್ಷದವನಿಗೆ ಸಣ್ಣ ಸುದ್ದಿಯಲ್ಲ. ಎದುರಿಗೆ ಕಟ್ಟೆಯ ಮೇಲೆ ಅವ್ವ ಕೂತಿದ್ದಳು, ಇಳಕಲ್ ಸೀರೆ ಉಟ್ಟುಕೊಂಡು, ಕೆಂಪು ಸೆರಗು ತಲೆಮೇಲೆ ಹೊದ್ದುಕೊಂಡು. ಕೆಂಪು ಕಾಣದಿದ್ದರೆ ಫೋಟೊದಲ್ಲಿ ಅವ್ವನಿಗೆ ಸೆರಗೇ ಇರುವುದಿಲ್ಲವಲ್ಲ ಎಂದು ನಾನು ಹೆದರಿದ್ದೆ. ರೋಲು ತೊಳೆಸಿಕೊಂಡು ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ನನಗೆ ಅದೇ ಚಿಂತೆ. ಫೋಟೊ ಬಂತು. ಸೆರಗು ಇತ್ತು, ಬೂದು ಬಣ್ಣದಲ್ಲಿ.

ಅಪ್ಪ ಹೇಳಿದ್ದು ಸುಳ್ಳಲ್ಲ, ಹಳೆಯ ನಿಜ. 120 ಅನ್ನುವ ಈ ಅಗಲ ರೋಲನ್ನು ಕೊಡಾಕ್ ಕಂಪನಿ ತನ್ನ ಬ್ರೌನಿ ಡಬ್ಬಿ ಕ್ಯಾಮೆರಾಕ್ಕಾಗಿ ಹೊರತಂದದ್ದು 1901ರಲ್ಲಿ. ಆ ಕಾಲದ ಫಿಲ್ಮಿಗೆ ನಿಜಕ್ಕೂ ಕೆಂಪು ಕಾಣುತ್ತಿರಲಿಲ್ಲ, ಅದಕ್ಕೇ ಕೆಂಪು ಕಿಟಕಿ. ಮುಂದೆ ಎಲ್ಲ ಬಣ್ಣ ಕಾಣುವ ಫಿಲ್ಮ್ ಬಂತು. ಬೆಳಕನ್ನು ತಡೆಯುವ ಕೆಲಸ ಫಿಲ್ಮಿನ ಬೆನ್ನಿಗಂಟಿದ ಕಾಗದದ ಪಾಲಿಗೆ ಬಿತ್ತು. ಕಿಟಕಿ ಮಾತ್ರ ಕೆಂಪಾಗಿಯೇ ಉಳಿಯಿತು. ಕಾರಣ ಹೋದರೂ ಆಚಾರ ಉಳಿಯುವುದು ಮನೆತನಗಳಲ್ಲಷ್ಟೇ ಅಲ್ಲ, ಕ್ಯಾಮೆರಾಗಳಲ್ಲೂ ಇದೆ.

ಆ ಕಟ್ಟೆ, ಆ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗೆ ಇಳಿಯುವ ಓಣಿಯೊಳಗೆ. ಆಲಮಟ್ಟಿಯ ಹಿನ್ನೀರು ಬಂತು, ಓಣಿ ಹೋಯಿತು, ನಾವು ನವನಗರದ ಸೆಕ್ಟರಿಗೆ ಬಂದೆವು. ನಮ್ಮ ಕಡೆ ಇದನ್ನೆಲ್ಲ ಸೇರಿಸಿ ಒಂದೇ ಶಬ್ದದಲ್ಲಿ ಹೇಳುತ್ತಾರೆ: ಮುಳುಗಡೆ. ಮುಳುಗಡೆಗೆ ಮೊದಲು, ಮುಳುಗಡೆ ಆದಮೇಲೆ ಎಂದು ನಮ್ಮವರು ಕಾಲವನ್ನೇ ಎರಡು ಮಾಡಿ ಮಾತಾಡುತ್ತಾರೆ. ಮನೆ ಬಿಡುವಾಗ ಟ್ರಂಕಿನ ತಳದಲ್ಲಿ ಅಪ್ಪನ ನೆಗೆಟಿವ್‌ಗಳು ಸಿಕ್ಕವು. ಎರಡಂಗುಲಕ್ಕೆ ತುಸು ಮೇಲಿನ ಚೌಕಗಳು. ಪ್ರಿಂಟು ಬೇಕಿಲ್ಲ, ಯಂತ್ರ ಬೇಕಿಲ್ಲ, ಕಿಟಕಿಗೆ ಹಿಡಿದರೆ ಸಾಕು. ಕಟ್ಟೆ, ಬಾಗಿಲ ಚೌಕಟ್ಟು, ಅವ್ವ, ಅವ್ವನ ಕೈಯಲ್ಲಿದ್ದ ಮೊರ ಎಲ್ಲ ಕಾಣುತ್ತವೆ. ತಲೆಕೆಳಗಾದ ನ್ಯಾಯದಲ್ಲಿ ಕಾಣುತ್ತವೆ, ಬಿಸಿಲೆಲ್ಲ ಕಪ್ಪು, ನೆರಳೆಲ್ಲ ಬಿಳಿ. ನನಗೆ ಮೈ ಜುಮ್ಮೆಂದದ್ದು ನೆನಪಿನಿಂದಲ್ಲ, ಒಂದು ಸರಳ ಲೆಕ್ಕದಿಂದ. ಅವತ್ತು ಆ ಗೋಡೆಗೆ ಬಡಿದ ಬಿಸಿಲೇ ಪುಟಿದು ಬಂದು ಈ ಹಾಳೆಯನ್ನು ಮುಟ್ಟಿತ್ತು. ಗೋಡೆ ನೀರಿನಡಿ ಹೋಗಿದೆ. ಅದಕ್ಕೆ ಬಡಿದ ಬಿಸಿಲಿನ ಗುರುತು ನನ್ನ ಬೆರಳುಗಳ ನಡುವೆ ಇದೆ. ಫೋನಿನ ಚಿತ್ರವೂ ಬೆಳಕಿನಿಂದಲೇ ಆಗುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ಹೀಗೆ ಎರಡು ಬೆರಳಲ್ಲಿ ಹಿಡಿದು ಕಿಟಕಿಗೆ ಎತ್ತಲಾಗುವುದಿಲ್ಲ.

ಫಿಲ್ಮಿನ ಈ ಹುಚ್ಚು ಹತ್ತಿದ್ದು ಅಲ್ಲಿಂದ. ಮೊದಲು ಸೊಂಟದ ಮಟ್ಟಕ್ಕೆ ಹಿಡಿದು ತಲೆಬಾಗಿ ನೋಡುವ ಎರಡು ಕಣ್ಣಿನ ಯಾಶಿಕಾ. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಮದುವೆ, ಮುಂಜಿ, ಶಾಲೆಯ ಗ್ರೂಪ್ ಫೋಟೊ ಎಲ್ಲವನ್ನೂ ಒಂದು ಕಾಲಕ್ಕೆ ತೆಗೆದದ್ದು ಅಂಥ ಕ್ಯಾಮೆರಾಗಳೇ. ಆಮೇಲೆ, ಬುದ್ಧಿ ಇದ್ದವರು ನಿಲ್ಲಿಸುವಲ್ಲಿ ನಿಲ್ಲಿಸದೆ, ನಾಲ್ಕು ಇಂಚು ಅಗಲ ಐದು ಇಂಚು ಉದ್ದದ ಬಿಡಿ ಹಾಳೆ ಹಾಕುವ, ಹಾರ್ಮೋನಿಯಂನಂತೆ ತಿದಿ ಇರುವ ದೊಡ್ಡ ಕ್ಯಾಮೆರಾ. ಮಾಮೂಲಿ 35 ಮಿ.ಮೀ. ರೀಲಿನ ಚಿತ್ರಕ್ಕಿಂತ ಅಪ್ಪನ ಕ್ಯಾಮೆರಾದ ಚೌಕ ಮೂರೂವರೆ ಪಟ್ಟು ದೊಡ್ಡದು. ಈ ಹಾಳೆಯೋ ಹದಿನೈದು ಪಟ್ಟು.

ಈ ಸೀಮೆಯಲ್ಲಿ ಈ ಹುಚ್ಚಿನವ ನಾನೇ ಮೊದಲಿಗನಲ್ಲ. ನೂರೆಪ್ಪತ್ತು ವರ್ಷದ ಹಿಂದೆ ಒಬ್ಬ ಬಂದಿದ್ದ. ಮುಂಬಯಿ ಸರಕಾರ 1855ರಲ್ಲಿ ತೋಪುಪಡೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬವನಿಗೆ ಹಳೆಯ ಕಟ್ಟಡಗಳ ಫೋಟೊ ತೆಗೆಯುವ ಕೆಲಸ ಕೊಟ್ಟಿತು. ಚಿತ್ರಕಾರರಿಗೆ ಸಂಬಳ ಕೊಟ್ಟು ಗುಡಿಗಳನ್ನು ಬರೆಸುವುದಕ್ಕಿಂತ ಕ್ಯಾಮೆರಾ ಅಗ್ಗ, ನಂಬಿಕೆಗೂ ಯೋಗ್ಯ ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಾಚಾರ. ಬಿಗ್ಸ್ ವಿಜಾಪುರ ಮುಗಿಸಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಬಂದ. ಅವನು ಬಳಸಿದ್ದು ಗಾಜನ್ನೂ ಅಲ್ಲ, ಫಿಲ್ಮನ್ನೂ ಅಲ್ಲ. ಬೆಳ್ಳಿಯ ಲವಣ ಸವರಿದ ಬರೆಯುವ ಕಾಗದವನ್ನು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಹುನಗುಂದದ ಬಿಸಿಲಲ್ಲಿ, ಡೇರೆಯ ಕತ್ತಲಲ್ಲಿ ಕಾಗದ ನೆನೆಸುವುದು, ಎತ್ತಿನ ಗಾಡಿಯ ದಾರಿಯಲ್ಲಿ ಅದನ್ನು ಕಾಪಾಡುವುದು, ಗುಡಿಯ ಎದುರಿಗಿಟ್ಟು ನಿಮಿಷಗಟ್ಟಲೆ ತೆರೆಯುವುದು. ಅದೇ ವರ್ಷದ ಕೊನೆಗೆ ಅವನನ್ನು ಸೈನ್ಯಕ್ಕೆ ವಾಪಸು ಕರೆದರು, ಡಾಕ್ಟರ್ ಪಿಗೌ ಎಂಬಾತ ಕೆಲಸ ಮುಂದುವರಿಸಿದ. ಇವರಿಬ್ಬರ ಮತ್ತು ಡಾಕ್ಟರ್ ನೀಲ್‌ನ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗೆಗಿನ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಚರಿತ್ರೆಯ ಭಾಗ ಬರೆದವನು ಸುರಪುರದಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಶಿಲ್ಪದ ಭಾಗ ಬರೆದವನು ಜೇಮ್ಸ್ ಫರ್ಗ್ಯುಸನ್.

ಬಿಗ್ಸ್ ತೆಗೆದ ಐಹೊಳೆಯ ದುರ್ಗದ ಗುಡಿಯ ಚಿತ್ರವನ್ನು ಮೊದಲು ನೋಡಿದಾಗ ಏನೋ ತಪ್ಪಾಗಿದೆ ಅನಿಸಿತು. ಕಲ್ಲು ನನಗೆ ಗೊತ್ತಿದ್ದ ಕಲ್ಲಲ್ಲ. ನಮ್ಮ ಮಳಲುಗಲ್ಲು ಸಂಜೆಗೆ ಒಲೆಯೊಳಗಿನ ಕೆಂಡದಂತೆ ಉರಿಯುವ ಕಲ್ಲು. ಚಿತ್ರದಲ್ಲಿ ಅದು ಮಸಿಯ ಕಡೆಗೆ ವಾಲಿದೆ. ಮೇಲಿನ ಆಕಾಶ ಖಾಲಿ ಬಿಳಿ, ಒಂದು ಮೋಡವಿಲ್ಲ. ಆಗ ಅಪ್ಪನ ಮಾತು ನೆನಪಾಯಿತು. ಬಿಗ್ಸ್‌ನ ಕಾಗದಕ್ಕೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ನೀಲಿ ಆಕಾಶ ಅದಕ್ಕೆ ಕುರುಡಾಗಿಸುವಷ್ಟು ಬೆಳಕು, ಕೆಂಪು ಕಲ್ಲು ಅದಕ್ಕೆ ರಾತ್ರಿ. ಚಾಲುಕ್ಯರ ಕೆಂಪು ನಾಡನ್ನು ಮೊಟ್ಟಮೊದಲು ನೋಡಿದ ಕ್ಯಾಮೆರಾಕ್ಕೆ ಕೆಂಪೇ ಕಾಣುತ್ತಿರಲಿಲ್ಲ! ಇದಕ್ಕಿಂತ ದೊಡ್ಡ ಚೋದ್ಯ ನನಗೆ ಗೊತ್ತಿಲ್ಲ. ಇವತ್ತಿನ ಫಿಲ್ಮಿನ ಮುಂದೆ ಒಂದು ಕೆಂಪು ಫಿಲ್ಟರು ಹಾಕಿದರೆ ಲೆಕ್ಕ ತಿರುಗುಮುರುಗು: ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಆಕಾಶ ಕಪ್ಪಿಡುತ್ತದೆ. ಎರಡರಲ್ಲಿ ಯಾವುದು ಐಹೊಳೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆ ಚಿತ್ರದಲ್ಲಿ ಏನಿದೆಯೋ ಅದನ್ನೂ ಎಲ್ಲರೂ ಸರಿಯಾಗಿ ಓದಲಿಲ್ಲ ಅನ್ನುವುದು ಇನ್ನೊಂದು ಕತೆ. ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರುವುದನ್ನು ಕಂಡು ಫರ್ಗ್ಯುಸನ್ ಇದು ಮೂಲತಃ ಬೌದ್ಧರ ಚೈತ್ಯ, ಆಮೇಲೆ ಇತರರು ತಮ್ಮದು ಮಾಡಿಕೊಂಡರು ಎಂದು ಬರೆದ. ಹಾಗಲ್ಲ ಎಂಬುದು ಈಗ ಒಪ್ಪಿತ. ಹೆಸರಿನ ದುರ್ಗವೂ ದೇವಿಯದಲ್ಲ, ಕೋಟೆಯದು. ಗ್ಯಾರಿ ಟಾರ್ಟಕೋವ್ ಎಂಬ ವಿದ್ವಾಂಸ ಈ ಒಂದೇ ಗುಡಿಯನ್ನು ಯಾರು ಯಾರು ಹೇಗೆ ಹೇಗೆ ತಪ್ಪಾಗಿ ನೋಡುತ್ತ ಬಂದರು ಎಂಬುದರ ಮೇಲೆಯೇ ಪೂರ್ತಿ ಪುಸ್ತಕ ಬರೆದಿದ್ದಾನೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರು ಅದನ್ನೊಮ್ಮೆ ನೋಡಬೇಕು.

ದೊಡ್ಡ ಕ್ಯಾಮೆರಾದ ಹಿಂದೆ ನಿಲ್ಲುವ ಸುಖವನ್ನು ಹೇಳುವುದು ಕಷ್ಟ, ನಿಂತವರಿಗೇ ಗೊತ್ತು. ಕಪ್ಪು ಬಟ್ಟೆಯ ಮುಸುಕು ಹಾಕಿಕೊಂಡರೆ ಹೊರಗಿನ ಬಿಸಿಲು, ಬಸ್ಸಿನ ಹಾರ್ನು, ಶೇಂಗಾ ಮಾರುವವನ ಕೂಗು ಎಲ್ಲ ಹಿಂದೆ ಸರಿಯುತ್ತವೆ. ಎದುರಿಗೆ ಒಂದು ಮಸುಕು ಗಾಜು. ಮೊದಲ ಒಂದು ನಿಮಿಷ ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಒಗ್ಗಿದಂತೆ ಗುಡಿ ಮೂಡುತ್ತದೆ, ತಲೆಕೆಳಗಾಗಿ, ಎಡಬಲ ಅದಲುಬದಲಾಗಿ. ಪಟ್ಟದಕಲ್ಲಿನ ವಿರೂಪಾಕ್ಷನ ಶಿಖರ ಗಾಜಿನ ತಳಕ್ಕೆ ಜೋತುಬಿದ್ದಿರುತ್ತದೆ. ತಲೆಕೆಳಗಾದರೆ ಗುಡಿ ಗುಡಿಯಾಗಿ ಕಾಣುವುದಿಲ್ಲ; ಬರೀ ಭಾರ, ಬರೀ ಗೆರೆ, ಬರೀ ನೆರಳು. ಇಷ್ಟು ದಿನ ಹೆಸರು ಗೊತ್ತಿದ್ದ ಕಾರಣಕ್ಕೇ ನೋಡದೆ ಬಿಟ್ಟದ್ದೆಲ್ಲ ಆಗ ಕಾಣುತ್ತದೆ. ಮಾಮೂಲಿ ಕ್ಯಾಮೆರಾವನ್ನು ಶಿಖರ ಕಾಣಲಿ ಎಂದು ಮೇಲಕ್ಕೆತ್ತಿದರೆ ಗುಡಿ ಹಿಂದಕ್ಕೆ ವಾಲಿದಂತೆ ಬರುತ್ತದೆ. ಇಲ್ಲಿ ಕ್ಯಾಮೆರಾ ಎತ್ತಬೇಕಿಲ್ಲ, ಮುಂದಿನ ಲೆನ್ಸಿನ ಹಲಗೆಯನ್ನಷ್ಟೇ ಬೆರಳಷ್ಟು ಮೇಲೆ ಸರಿಸಿದರೆ ಶಿಖರ ಒಳಗೆ ಬರುತ್ತದೆ, ಗೋಡೆಗಳು ಗುಂಡು ಕಟ್ಟಿ ನೋಡಿದಂತೆ ನೆಟ್ಟಗೆ ನಿಲ್ಲುತ್ತವೆ. ಕಟ್ಟಿದ ಶಿಲ್ಪಿಗೆ ಅದು ನೆಟ್ಟಗೆ ಇತ್ತಲ್ಲ, ಫೋಟೊದಲ್ಲೂ ಇರಲಿ.

ಒಂದು ಚಿತ್ರಕ್ಕೆ ಒಂದು ಹಾಳೆ. ಹಾಕಿ, ತೆಗೆದು, ತಿರುವಿ, ಮತ್ತೆ ಹಾಕಬೇಕು. ಇದೆಂಥ ದರಿದ್ರ ವ್ಯವಹಾರ ಎಂದು ಬೆಂಗಳೂರಿನ ಗೆಳೆಯರು ನಗುತ್ತಾರೆ. ಇಳಕಲ್ಲಿನಲ್ಲಿ ಯಾರೂ ನಕ್ಕಿಲ್ಲ. ಅಲ್ಲಿಯ ಕೈಮಗ್ಗದಲ್ಲಿ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಮೈಯ ಎಳೆಯನ್ನು ಸೆರಗಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದು ಸೀರೆಗೆ ಒಂದೇ ಹಾಸು; ಉದ್ದಕ್ಕೆ ಹಾಸು ಹೂಡಿ ಹತ್ತು ಸೀರೆ ನೇಯ್ದು ಕತ್ತರಿಸಿಕೊಳ್ಳುವ ಮಾತೇ ಇಲ್ಲ. ಒಬ್ಬ ನೇಕಾರರ ಮನೆಯ ಕುಣಿಮಗ್ಗದ ಪಕ್ಕದಲ್ಲಿ ನನ್ನ ಕ್ಯಾಮೆರಾ ಇಟ್ಟು, ಒಂದು ಹಾಳೆಗೆ ಒಂದೇ ಫೋಟೊ ಎಂದಾಗ ಅವರು ಮಗ್ಗದಿಂದ ಕಣ್ಣೆತ್ತದೆ "ಹೌದಲ್ಲ ಮತ್ತ" ಅಂದರು. ಅಷ್ಟೇ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಹಾಳೆಯನ್ನು ಹೋಲ್ಡರಿನೊಳಗೆ ಸೇರಿಸುವುದು ಪೂರ್ತಿ ಕತ್ತಲಲ್ಲಿ. ಈಗಿನ ಫಿಲ್ಮಿಗೆ ಕೆಂಪೂ ಕಾಣುವುದರಿಂದ ಕೆಂಪು ದೀಪವೂ ನಡೆಯುವುದಿಲ್ಲ. ಪ್ರಿಂಟು ಹಾಕುವ ಕಾಗದಕ್ಕೆ ಮಾತ್ರ ಇನ್ನೂ ಆ ಹಳೆಯ ಕುರುಡು ಉಳಿದಿದೆ, ಅದಕ್ಕೇ ಸಿನಿಮಾಗಳಲ್ಲಿ ತೋರಿಸುವ ಡಾರ್ಕ್‌ರೂಮು ಕೆಂಪಗಿರುತ್ತದೆ. ಹಾಳೆಯ ಒಂದು ಮೂಲೆಗೆ ಇಲಿ ಕಚ್ಚಿದಂತೆ ಸಣ್ಣ ಗುರುತುಗಳಿರುತ್ತವೆ. ಬಲಗೈ ತೋರುಬೆರಳಿಗೆ ಅವು ಮೇಲಿನ ಬಲಮೂಲೆಯಲ್ಲಿ ಸಿಕ್ಕರೆ ಮದ್ದು ಸವರಿದ ಮುಖ ನಮ್ಮ ಕಡೆಗಿದೆ ಎಂದರ್ಥ. ನಾನು ಇದನ್ನು ಬಚ್ಚಲಮನೆಯಲ್ಲಿ, ಬಾಗಿಲ ಸಂದಿಗೆ ಕೌದಿ ತುರುಕಿ ಮಾಡುತ್ತೇನೆ. ತೊಳೆಯುವುದೂ ಅಲ್ಲೇ. ಮದ್ದಿನ ನೀರು 20 ಡಿಗ್ರಿ ಇರಬೇಕು ಎನ್ನುತ್ತದೆ ಪೊಟ್ಟಣ. ಮೇ ತಿಂಗಳಲ್ಲಿ ನಮ್ಮ ನಳದ ನೀರಿನಲ್ಲಿ ಚಹಾ ಮಾಡಬಹುದು! ಬಿಸಿ ನೀರು ತಾಕಿದರೆ ಫಿಲ್ಮಿನ ಮೇಲಿನ ಜಿಲೆಟಿನ್ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಗುಲಿದರೂ ಕೆನೆಯಂತೆ ಏಳುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಹರವಿಯಲ್ಲಿ ನೀರು ತುಂಬಿಟ್ಟು, ಬೆಳಗಿನ ಜಾವ ಎದ್ದು ಕೂರಬೇಕು. ಗಡಿಗೆ ನೀರಿನಲ್ಲಿ ಮುಳುಗಿ ಎದ್ದ ಹಾಳೆಯಲ್ಲಿ ಬಾದಾಮಿಯ ಬಂಡೆ ಮೂಡಿರುವುದನ್ನು ನೋಡುವಾಗ ನನಗೆ ಮುಳುಗಡೆ ಅನ್ನುವ ಶಬ್ದದ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಎಲ್ಲ ಬಾರಿಯೂ ಮೂಡುವುದಿಲ್ಲ. ಒಮ್ಮೆ ಐಹೊಳೆಯಲ್ಲಿ ಮೂರು ದಿನ ಓಡಾಡಿ ತೆಗೆದ ನಾಲ್ಕು ರೋಲನ್ನು ದೂರದ ಒಂದು ಲ್ಯಾಬಿಗೆ ಕೊರಿಯರ್ ಮಾಡಿದ್ದೆ. ವಾಪಸು ಬಂದದ್ದು ನಾಲ್ಕು ಕಪ್ಪು ಪಟ್ಟಿ. ಎಲ್ಲೋ ಯಾರೋ ರೋಲು ಬಿಚ್ಚಿ ನೋಡಿದ್ದರು. ಮೇಗುತಿ ಗುಡ್ಡ ಹತ್ತಿ, 634ರ ರವಿಕೀರ್ತಿಯ ಶಾಸನದ ಎದುರು ಓರೆ ಬಿಸಿಲಿಗಾಗಿ ಕಾದು ತೆಗೆದದ್ದೂ ಅದರಲ್ಲಿತ್ತು. ರೋಲಿನ ಬೆಲೆಯೂ ಈಗ ಕಡಿಮೆಯಿಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮು ಊರೂರಿಗೆ ಸಿಗುತ್ತಿದ್ದ ಕಾಲ ಹೋಯಿತು, ಈಗ ಎಲ್ಲ ಹೊರದೇಶದ ಸರಕು. ಫಿಲ್ಮಿನಲ್ಲಿ ತೆಗೆದದ್ದೆಲ್ಲ ಕಲೆ, ಫೋನಿನಲ್ಲಿ ತೆಗೆದದ್ದೆಲ್ಲ ಕಸ ಎನ್ನುವವರ ಜೊತೆ ನಾನಿಲ್ಲ. ನನ್ನ ಕಪಾಟಿನಲ್ಲಿರುವ ಹಾಳೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟ ಫೋಟೊಗಳೇ, ದೊಡ್ಡ ಅಳತೆಯ, ಬಹಳ ಸ್ಪಷ್ಟವಾದ ಕೆಟ್ಟ ಫೋಟೊಗಳು. ನನ್ನನ್ನು ಹಿಡಿದಿಟ್ಟಿರುವುದು ಚಂದವಲ್ಲ, ಕ್ಲಿಕ್ಕಿಗೂ ಕಾಣುವುದಕ್ಕೂ ನಡುವಿನ ಆ ಕತ್ತಲೆ. ಸೆರಗು ಬರುತ್ತದೋ ಇಲ್ಲವೋ ಎಂದು ಕಾದ ಹದಿನೈದು ದಿನ.

ಬಾದಾಮಿಯ ಮೂರನೆಯ ಗುಹೆಯ ಹಾಳೆಯೊಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಟ್ರೈಪಾಡ್ ಊರಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಾಗದ ಪತ್ರ ಮುಗಿಸಿಕೊಂಡು ಒಂದು ಬೆಳಗ್ಗೆ ಮೇಲೆ ಹತ್ತಿದೆ. ಮಂಗಲೇಶ 578ರಲ್ಲಿ ಶಾಸನ ಹಾಕಿಸಿದ ಗುಹೆ. ಪಡಸಾಲೆಯ ತುದಿಗೆ ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು. ನನ್ನ ಗಾಜಿನಲ್ಲಿ ಶೇಷನೇ ಮೇಲೆ, ವಿಷ್ಣು ಅವನಿಂದ ಕೆಳಗೆ ತೂಗಿಬಿದ್ದಿದ್ದ. ಅಲ್ಲಿ ಬೆಳಕೆಂದರೆ ಹೊರಗಿನ ಬಂಡೆಗೆ ತಾಕಿ ಒಳಗೆ ಹರಿದದ್ದಷ್ಟೇ. ಮೀಟರು ಒಂದು ನಿಮಿಷ ಎಂದಿತು. ಮಂದ ಬೆಳಕಿನಲ್ಲಿ ಫಿಲ್ಮಿಗೂ ಆಲಸ್ಯ ಬರುತ್ತದೆ, ಹೊತ್ತು ಹೋದಂತೆ ಗ್ರಹಿಸುವ ಶಕ್ತಿ ಇಳಿಯುತ್ತದೆ. ಒಂದು ನಿಮಿಷ ಎಂದರೆ ಮೂರೂವರೆ ಕೊಡಬೇಕು. ಕೊಟ್ಟೆ. ಶಟರ್ ತೆರೆದು ಗಡಿಯಾರ ಹಿಡಿದು ನಿಂತೆ.

ಅರ್ಧ ನಿಮಿಷವೂ ಆಗಿರಲಿಲ್ಲ, ಪ್ರವಾಸಕ್ಕೆ ಬಂದ ಒಂದು ಶಾಲೆಯೇ ಪಡಸಾಲೆಗೆ ನುಗ್ಗಿತು. ಐವತ್ತು ಅರವತ್ತು ಮಕ್ಕಳು ಲೆನ್ಸಿನ ಎದುರೇ ಓಡಾಡಿದರು, ಚಪ್ಪಾಳೆ ಹೊಡೆದು ಪ್ರತಿಧ್ವನಿ ಕೇಳಿದರು, ಮಾಸ್ತರರು ಬೈದರು, ಹೋದರು. ಅವರ ಹಿಂದೆಯೇ ಏದುಸಿರು ಬಿಡುತ್ತ ಒಬ್ಬ ಅಜ್ಜಿ ಬಂದು ಕಂಬದ ಬುಡದಲ್ಲಿ, ಸರಿಯಾಗಿ ನನ್ನ ಚೌಕಟ್ಟಿನೊಳಗೆ, ಕೂತುಬಿಟ್ಟಳು. ಏಳಿ ಅನ್ನಲು ಬಾಯಿ ಬರಲಿಲ್ಲ.

"ಏನ್ ಮಾಡಾಕತ್ತೀಯೋ ಯಪ್ಪಾ?"

"ಫೋಟೊ ತೆಗೀಲಿಕತ್ತೀನ್ರಿ."

"ಇಷ್ಟೊತ್ತು?"

"ಹೂನ್ರಿ, ಇನ್ನೂ ಒಂದು ನಿಮಿಷ."

ಆಕೆ ಒಮ್ಮೆ ವಿಷ್ಣುವಿನ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. "ಅವಾ ಏನು ಓಡಿ ಹೋಗ್ತಾನ?"

ಆ ಹಾಳೆಯನ್ನು ಹರವಿ ನೀರಿನಲ್ಲಿ ತೊಳೆದೆ. ಶಾಲೆಯ ಒಂದು ಮಗುವೂ ಅದರಲ್ಲಿ ಇಲ್ಲ. ನಿಲ್ಲದೆ ನಡೆದವರನ್ನು ಅಷ್ಟು ಹೊತ್ತಿನ ಬೆಳಕು ಅಳಿಸಿಹಾಕಿದೆ. ಬಿಗ್ಸ್‌ನ ಕಾಗದದ ಎದುರು ನಡೆದುಹೋದವರೂ ಹೀಗೇ ಅಳಿಸಿಹೋಗಿರಬೇಕು. ಶೇಷನ ಹೆಡೆಗಳು ಎಣಿಸುವಷ್ಟು ಸ್ಪಷ್ಟವಿವೆ. ಅಜ್ಜಿ ಮಾತಾಡುತ್ತ ತಿರುಗಿದ್ದರಿಂದ ಮುಖದ ಜಾಗದಲ್ಲಿ ಬರೀ ಹೊಗೆ. ಮೊಣಕಾಲಿನ ಮೇಲೆ ಬಿದ್ದಿದ್ದ ಸೆರಗಿನ ತುದಿ ಮಾತ್ರ ಅಲುಗಿಲ್ಲ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಕೆಂಪು ಬೂದು ಬಣ್ಣದಲ್ಲಿ ಬಂದಿದೆ.